ಮಹಾವೀರಾಚಾರ್ಯರ ಸಂಖ್ಯಾಹಾರ: ಬೆರಗಿನ ಆಚೆಗೆ

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ನೃಪತುಂಗನ ರಾಜಧಾನಿ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಬೀದರ್ ಸೀಮೆಯ ನಾವು ಈ ಗ್ರಂಥವನ್ನು ಅಭಿಮಾನದಿಂದ ನೆನೆಯುವುದು ಸಹಜ. ಆದರೆ ಅದರ ಗುಣಾಕಾರದ ಲೆಕ್ಕಗಳನ್ನು ಕುರಿತ ನಮ್ಮ ಜನಪ್ರಿಯ ಬರಹಗಳು ಬಹುಮಟ್ಟಿಗೆ ಉತ್ತರವನ್ನು ತೋರಿಸಿ, ‘ಎಂಥ ಚಮತ್ಕಾರ!’ ಎಂದು ನಿಂತುಬಿಡುತ್ತವೆ. ಇದು ಆಚಾರ್ಯರಿಗೂ ಗಣಿತಕ್ಕೂ ನ್ಯಾಯವಲ್ಲ.

ಒಂದು ಲೆಕ್ಕವನ್ನು ನೋಡೋಣ:

27994681 × 441 = 12345654321

ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುವ ಸಂಖ್ಯೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇದಕ್ಕೆ ಕಾರಣವೇನು? ಈ ಸಂಖ್ಯೆಯು 111111ರ ವರ್ಗ. 111111ನ್ನು ಅದರಿಂದಲೇ ಗುಣಿಸಿದಾಗ ಸ್ಥಾನಗಳ ಮೊತ್ತ ಕ್ರಮವಾಗಿ 1, 2, 3, 4, 5, 6, 5, 4, 3, 2, 1 ಆಗುತ್ತದೆ. ಯಾವ ಮೊತ್ತವೂ 9ನ್ನು ಮೀರದ ಕಾರಣ ಕೈಯಲ್ಲಿ ಏನೂ ಉಳಿಯುವುದಿಲ್ಲ. ಒಂದುಗಳು ಒಂಬತ್ತು ಇರುವವರೆಗೆ ಈ ಅಂದ ನಡೆಯುತ್ತದೆ. ಹತ್ತಾದರೆ ವರ್ಗವು 1234567900987654321; ಹಾರ ಹರಿಯಿತು!

ಇನ್ನು ಅಪವರ್ತನಗಳು. 111111 = 3 × 7 × 11 × 13 × 37. ಇದರಲ್ಲಿ 3 × 7 = 21, ಉಳಿದವುಗಳ ಗುಣಲಬ್ಧ 5291. 21ರ ವರ್ಗ 441, 5291ರ ವರ್ಗ 27994681. ಅಂದರೆ ಆಚಾರ್ಯರು ಕೊಟ್ಟ ಎರಡು ಸಂಖ್ಯೆಗಳೂ ವರ್ಗಸಂಖ್ಯೆಗಳೇ. ಗುಣಲಬ್ಧದಲ್ಲಿ ಐದು ಅವಿಭಾಜ್ಯಗಳು ತಲಾ ಎರಡು ಬಾರಿ ಬರುವುದರಿಂದ ಅದರ ಭಾಜಕಗಳು 3 × 3 × 3 × 3 × 3 = 243.

ಇಲ್ಲಿ ಎರಡು ಬಗೆಯ ವರ್ಗೀಕರಣ ಬೆರೆತಿರುವುದನ್ನು ಗಮನಿಸಬೇಕು. ಬೆಸ, ಪೂರ್ಣವರ್ಗ, 243 ಭಾಜಕಗಳುಳ್ಳದ್ದು – ಇವು ಸಂಖ್ಯೆಯ ಸ್ವಂತ ಗುಣಗಳು. ಹೇಗೆ ಬರೆದರೂ ಬದಲಾಗವು. ಏರಿಳಿತದ ಅಂದವಾದರೋ ನಾವು ಹತ್ತನ್ನು ಆಧಾರವಾಗಿಟ್ಟು ಬರೆಯುವುದರ ಫಲ. ದೇವಳಾಲಿಯ ಕಾಪ್ರೇಕರ್ ಅವರು ಹೆಸರಿಸಿದ ‘ಹರ್ಷದ’ ಸಂಖ್ಯೆಯೂ, ಅಂದರೆ ತನ್ನ ಅಂಕಿಗಳ ಮೊತ್ತದಿಂದ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆಯೂ, ಈ ಎರಡನೆಯ ಬಗೆಗೆ ಸೇರಿದ್ದು. ನಮ್ಮ ಸಂಖ್ಯೆಯ ಅಂಕಿಗಳ ಮೊತ್ತ 36. ಸಂಖ್ಯೆ ಬೆಸವಾದ್ದರಿಂದ ಇದು ಹರ್ಷದವಲ್ಲ.

ಏಳನ್ನು ಆಧಾರವಾಗಿಟ್ಟು 12345654321 ಎಂದೇ ಬರೆಯಿರಿ. ಅದು ದಶಮಾನದ 384473664, ಅಂದರೆ 19608ರ ವರ್ಗ. ಹಾರದ ಅಂದ ಅದೇ, ಪೂರ್ಣವರ್ಗವೂ ಹೌದು; ಆದರೆ ಇದು ಸಮಸಂಖ್ಯೆ! ಅಂಕಿಗಳ ವೇಷ ಒಂದೇ ಆದರೂ ಒಳಗಿರುವ ಸಂಖ್ಯೆ ಬೇರೆ.

ಅಂದವು ಬರವಣಿಗೆಯದು ಎಂದ ಮಾತ್ರಕ್ಕೆ ಆಚಾರ್ಯರ ಹಿರಿಮೆ ಕುಗ್ಗುವುದಿಲ್ಲ, ಹೆಚ್ಚುತ್ತದೆ. ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟ ಅವರು ಸ್ಥಾನಬೆಲೆ ಪದ್ಧತಿಯ ಶಕ್ತಿಯನ್ನೇ ಇಲ್ಲಿ ಆಭರಣವಾಗಿ ಪೋಣಿಸಿದ್ದಾರೆ. ತರಗತಿಯಲ್ಲಿ ಈ ಲೆಕ್ಕವನ್ನು ಹೇಳುವ ಶಿಕ್ಷಕರು ಉತ್ತರ ತೋರಿಸಿ ಚಪ್ಪಾಳೆ ತಟ್ಟಿಸಿದರೆ ಸಾಲದು. ‘ಹತ್ತು ಒಂದುಗಳಿದ್ದರೆ ಏನಾಗುತ್ತದೆ?’ ಎಂದು ಕೇಳಿ, ಮಕ್ಕಳ ಕೈಯಿಂದಲೇ ಗುಣಿಸಿ ನೋಡಿಸಬೇಕು. ಹಾರ ಎಲ್ಲಿ ಹರಿಯುತ್ತದೆಂದು ಕಂಡ ಮಗುವಿಗೆ ಅದನ್ನು ಪೋಣಿಸಿದ ದಾರವೂ ಕಾಣುತ್ತದೆ.