ಹಳೇ ಮನೆಗೆ ಬೆಲೆಯಿಲ್ಲ ಎನ್ನುವವರು ಯಾರು?

ಚಿಂತಾಮಣಿಯ ಹಳೇ ಪೇಟೆಯಲ್ಲಾಗಲಿ, ಶಿಡ್ಲಘಟ್ಟದ ಓಣಿಗಳಲ್ಲಾಗಲಿ, ಕೈವಾರದ ದೇವಸ್ಥಾನದ ಆಸುಪಾಸಿನಲ್ಲಾಗಲಿ ದೊಡ್ಡದೊಂದು ಹಳೇ ಮನೆ ಮಾರಾಟಕ್ಕೆ ಬಂತೆಂದರೆ ಮಾತು ಶುರುವಾಗುವುದು ಒಂದೇ ರೀತಿ. "ಮನೆಗೇನೂ ಬೆಲೆಯಿಲ್ಲ ಬಿಡಿ, ಜಾಗಕ್ಕಷ್ಟೇ ಬೆಲೆ." ಬ್ರೋಕರ್ ಹೇಳುತ್ತಾನೆ, ಕೊಳ್ಳಲು ಬಂದವನು ಹೇಳುತ್ತಾನೆ, ಸಾಲಕ್ಕೆ ಅರ್ಜಿ ಹಾಕಿದರೆ ಬ್ಯಾಂಕಿನ ಕಡೆಯಿಂದ ಬರುವ ಇಂಜಿನಿಯರೂ ಹೇಳುತ್ತಾರೆ. ಕೇಳಿ ಕೇಳಿ ಕೊನೆಗೆ ಅದೇ ಮನೆಯಲ್ಲಿ ಹುಟ್ಟಿ ಬೆಳೆದವರೂ ಹೇಳತೊಡಗುತ್ತಾರೆ. ಅದರ ಬೆನ್ನಿಗೇ ಇನ್ನೊಂದು ಮಾತು: "ಈ ಬೀದಿಗೆ ಇಷ್ಟು ದೊಡ್ಡ ಮನೆ ಯಾರಿಗೆ ಬೇಕು?" ಎರಡೂ ಕೇಳುವುದಕ್ಕೆ ಪಕ್ಕಾ ಲೆಕ್ಕದ ಹಾಗಿವೆ. ನನ್ನ ಪ್ರಕಾರ ಎರಡೂ ಬರೀ ಚೌಕಾಶಿ. ಆ ಚೌಕಾಶಿಯಿಂದ ಯಾರಿಗೆ ಲಾಭ ಎಂಬುದಕ್ಕೆ ಆಮೇಲೆ ಬರುತ್ತೇನೆ. ಮೊದಲು ಲೆಕ್ಕವನ್ನೇ ನೋಡೋಣ.

2007ರಲ್ಲಿ ಈ ಊರುಗಳಿರುವ ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾಯಿತು. ಮರುವರ್ಷ ದೇವನಹಳ್ಳಿಯಲ್ಲಿ ವಿಮಾನಗಳು ಇಳಿಯತೊಡಗಿದವು. ಹೆದ್ದಾರಿ ಬದಿಯ ಹೊಲಗಳಲ್ಲಿ ಕಲ್ಲು ನೆಟ್ಟು, ಬಣ್ಣ ಬಳಿದು, ಲೇಔಟು ಮಾಡುವ ಭರಾಟೆ ಜೋರಾಯಿತು. ಅಲ್ಲಿಂದೀಚೆಗೆ ನಮ್ಮ ಕಡೆಯವರ ತಲೆಯಲ್ಲಿ ನೆಲಕ್ಕೆ ಉಳಿದಿರುವುದು ಒಂದೇ ಅಳತೆ: ಮೂವತ್ತು-ನಲವತ್ತು, ಅಡಿಗೆ ಇಷ್ಟು. ಖಾಲಿ ಹೊಲವನ್ನು ಕತ್ತರಿಸುವುದಕ್ಕೆ ಹುಟ್ಟಿದ ಈ ಅಳತೆಯನ್ನು ನೂರು ವರ್ಷದ ಪೇಟೆ ಬೀದಿಗೂ ತಂದು ಹಚ್ಚಿದ್ದಾರೆ.

ಒಂದು ಮನೆ ಊಹಿಸಿಕೊಳ್ಳಿ. ಬೀದಿ ಕಡೆ 40 ಅಡಿ ಮುಖ, ಹಿತ್ತಲಿನವರೆಗೆ 90 ಅಡಿ ಉದ್ದ. ಒಟ್ಟು 3,600 ಚದರಡಿ. ಲೆಕ್ಕಕ್ಕೆ ಅಡಿಗೆ 2,000 ರೂಪಾಯಿ ಇಟ್ಟುಕೊಂಡರೆ 72 ಲಕ್ಷ. ಬ್ರೋಕರ್ ಬೆರಳು ಮಡಚಿ "ಸಲೀಸಾಗಿ ಮೂರು ಸೈಟು" ಎನ್ನುತ್ತಾನೆ. ಆಗುತ್ತದೆಯೆ? ಬೀದಿ ಇರುವುದು ಮುಂದೆ ಮಾತ್ರ. ನಡುವಿನವನೂ ಹಿಂದಿನವನೂ ಒಳಗೆ ಹೋಗಬೇಕಾದರೆ ಪಕ್ಕದಲ್ಲಿ ಹತ್ತು ಅಡಿ ದಾರಿ ಬಿಡಬೇಕು. ಹತ್ತು ಅಡಿ ಅಗಲ, 90 ಅಡಿ ಉದ್ದ, ಅಲ್ಲಿಗೆ 900 ಚದರಡಿ ಹೋಯಿತು. ಉಳಿಯುವುದು ಮೂವತ್ತು-ಮೂವತ್ತರ ಮೂರು ತುಂಡು, ಒಟ್ಟು 2,700. ನಾಲ್ಕನೆಯ ಒಂದು ಭಾಗ, ಅದೇ ರೇಟಿನಲ್ಲಿ 18 ಲಕ್ಷ, ದಾರಿಗೇ ಸುರಿದಂತಾಯಿತು. ಇನ್ನು ಹಳೇ ಮನೆ ಗೋಡೆಗೆ ಗೋಡೆ ತಾಗಿಸಿ ನಿಂತಿರುತ್ತದೆ. ಅದನ್ನು ಒಡೆದು ಲೈಸೆನ್ಸ್ ತೆಗೆದು ಕಟ್ಟುವವನು ಸುತ್ತ ಜಾಗ ಬಿಡಬೇಕು. ಮೂವತ್ತು ಅಡಿಯ ತುಂಡಿನಲ್ಲಿ ಮುಂದೆ ಹಿಂದೆ ಬಿಟ್ಟು ಕಟ್ಟುವ ಮನೆ ಎಷ್ಟಿದ್ದೀತು? "ಜಾಗಕ್ಕೇ ಬೆಲೆ" ಎನ್ನುವವರು ಜಾಗದ ಲೆಕ್ಕವನ್ನಾದರೂ ನೆಟ್ಟಗೆ ಮಾಡಿದ್ದರೆ, ಒಡೆಯದ ಮನೆಗೆ ಒಡೆದ ಜಾಗಕ್ಕಿಂತ ಹೆಚ್ಚು ಅನುಕೂಲವಿದೆ ಎಂದು ಅವರಿಗೇ ಹೊಳೆಯುತ್ತಿತ್ತು.

ಇನ್ನು ಕಟ್ಟಡ. ಮೌಲ್ಯಮಾಪನದ ರೂಢಿಯ ಸೂತ್ರ ಹೀಗೆ: ಕಟ್ಟಡಕ್ಕೆ ಇಷ್ಟು ವರ್ಷ ಆಯುಸ್ಸು ಎಂದಿಟ್ಟುಕೊಳ್ಳುವುದು, ಕೊನೆಗೆ ನೂರಕ್ಕೆ ಹತ್ತು ಭಾಗ ಉಳಿಕೆ ಬೆಲೆ ಎಂದು ಬಿಡುವುದು, ಮಿಕ್ಕ ತೊಂಬತ್ತನ್ನು ವರ್ಷವರ್ಷಕ್ಕೆ ಕಳೆಯುತ್ತ ಬರುವುದು. ಅರವತ್ತು ವರ್ಷದ ಆಯುಸ್ಸು ಕೊಟ್ಟ ಕಟ್ಟಡಕ್ಕೆ ಅರವತ್ತು ತುಂಬಿದರೆ ಕಾಗದದ ಮೇಲೆ ಅದು ಸತ್ತ ಹಾಗೆ. ಸಿಮೆಂಟು, ಕಬ್ಬಿಣದ ಮನೆಗೆ ಈ ಸೂತ್ರ ಸರಿ. ಕಂಬಿ ತುಕ್ಕು ಹಿಡಿದು ಉಬ್ಬಿದರೆ ಮೋಲ್ಡು ಉದುರುತ್ತದೆ. ನಮ್ಮ ಸೀಮೆಯ ಹಳೇ ಮನೆಗೆ ಕಂಬಿ ಎಲ್ಲಿದೆ? ಕಲ್ಲು ಕಂಬ, ಕಲ್ಲು ತೊಲೆ, ಅದರ ಮೇಲೆ ಹಾಸಿದ ಚಪ್ಪಡಿ, ಚಪ್ಪಡಿಯ ಮೇಲೆ ಮಣ್ಣು ಮತ್ತು ಗಾರೆ. ಬಂಡೆಯಿಂದ ಎಬ್ಬಿಸಿ ತಂದ ಚಪ್ಪಡಿಗೆ ಅರವತ್ತು ವರ್ಷಕ್ಕೆ ಮುಪ್ಪು ಬರುತ್ತದೆ ಎನ್ನುವುದನ್ನು ನಂದಿಬೆಟ್ಟದ ಸೀಮೆಯಲ್ಲಿ ನಿಂತು ಹೇಳುವುದಕ್ಕೂ ಧೈರ್ಯ ಬೇಕು.

ಈ ವಿಷಯದಲ್ಲಿ ಇಂಜಿನಿಯರಿಗಿಂತ ಹಳೇ ಸಾಮಾನಿನ ವ್ಯಾಪಾರಿಯ ಕಣ್ಣು ನಂಬಿಕಸ್ತ. ಅವನು ಮನೆ ನೋಡುವ ರೀತಿಯನ್ನು ಗಮನಿಸಬೇಕು. ಟೇಪು ಹಿಡಿಯುವುದಿಲ್ಲ. ಹಜಾರದ ನಡುವೆ ನಿಂತು ಕತ್ತೆತ್ತಿ ಚಪ್ಪಡಿ ಎಣಿಸುತ್ತಾನೆ. ಮರದ ತೊಲೆಯಿದ್ದರೆ ಏಣಿ ಹತ್ತಿ, ನಡುವೆ ಮುಟ್ಟದೆ, ಅದು ಗೋಡೆಯೊಳಗೆ ಹೊಕ್ಕ ತುದಿಗೆ ಉಳಿಯ ಮೊನೆ ಒತ್ತುತ್ತಾನೆ. ತೇವವೂ ಗೆದ್ದಲೂ ಶುರುವಾಗುವುದು ಅಲ್ಲೇ. ಉಳಿ ಇಳಿದರೆ ಮುಖ ಹುಳ್ಳಗೆ ಮಾಡುತ್ತಾನೆ, ಇಳಿಯದಿದ್ದರೆ ಇನ್ನೂ ಹುಳ್ಳಗೆ ಮಾಡುತ್ತಾನೆ. ತಲೆಬಾಗಿಲಿನ ದಾರಂದವನ್ನು ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿಗೊಡುತ್ತಾನೆ. ಆಮೇಲೆ ಒಂದು ಮೊತ್ತ ಹೇಳಿ, "ಒಡೆಯೋ ಕೂಲಿ ನಮ್ದೇ" ಎಂದು ಸೇರಿಸುತ್ತಾನೆ. ಬೆಲೆಯಿಲ್ಲದ ಕಟ್ಟಡವನ್ನು ತನ್ನ ಕೂಲಿಯಲ್ಲಿ ಒಡೆದು ಮೇಲೆ ದುಡ್ಡೂ ಕೊಡಲು ಅವನಿಗೇನು ಹುಚ್ಚೆ? ಕಲ್ಲು ಕಂಬಗಳು ಎಲ್ಲೋ ದ್ರಾಕ್ಷಿ ಚಪ್ಪರಕ್ಕೆ ಕೂಚಗಳಾಗುತ್ತವೆ, ಚಪ್ಪಡಿ ತೋಟದ ಮನೆಯ ಕಾಂಪೌಂಡಾಗುತ್ತದೆ, ಬಾಗಿಲು ಬೆಂಗಳೂರಿನ ರೆಸಾರ್ಟಿಗೆ ಹೋಗುತ್ತದೆ. ಮಾರಿದವರ ಕ್ರಯಪತ್ರದಲ್ಲಿ ಮಾತ್ರ "ಶಿಥಿಲ ಕಟ್ಟಡ".

ಇನ್ನು "ಬೀದಿಗೆ ಮೀರಿದ ಮನೆ" ಎಂಬ ಎರಡನೆಯ ಮಾತು. ಅಕ್ಕಪಕ್ಕದ ಮನೆಗಳು ಹನ್ನೆರಡು, ಹದಿನೈದು ಅಡಿ ಅಗಲದವು, ಅಲ್ಲಿ ಕೊಳ್ಳುವವರ ಕೈಯಲ್ಲಿ ಅಷ್ಟು ದುಡ್ಡಿಲ್ಲ, ಆದ್ದರಿಂದ ದೊಡ್ಡ ಮನೆಯ ಬೆಲೆ ಬೀದಿಯ ಮಟ್ಟಕ್ಕೆ ಇಳಿಯಲೇಬೇಕು ಎಂಬುದು ವಾದ. ಆ ಹನ್ನೆರಡು ಅಡಿಯ ಮನೆಗಳೊಳಗೆ ಒಮ್ಮೆ ಹೋಗಿ ನೋಡಿ. ಹಜಾರದ ನಡುವೆ ಅಡ್ಡಗೋಡೆ ಎದ್ದಿರುತ್ತದೆ. ಕಂಬದ ಅರ್ಧ ಇತ್ತ, ಅರ್ಧ ಪಕ್ಕದವರ ಕಡೆ. ಅರ್ಧ ತೊಟ್ಟಿಗೆ ತಗಡು ಮುಚ್ಚಿರುತ್ತದೆ. ಎಷ್ಟೋ ಕಡೆ ಬೀದಿಯ ಸಣ್ಣ ಮನೆಗಳು ಅಣ್ಣತಮ್ಮಂದಿರು ಪಾಲಾದಾಗ ಸೀಳಿಹೋದ ದೊಡ್ಡ ಮನೆಗಳೇ. ಸೀಳದೆ ಉಳಿದದ್ದನ್ನು ಸೀಳಿದ ಚೂರುಗಳ ಜೊತೆ ಹೋಲಿಸಿ "ಇದು ಬೀದಿಗೆ ಹೆಚ್ಚಾಯಿತು" ಎಂದರೆ ಏನು ಹೇಳುವುದು!

ಆ ಮನೆಯನ್ನು ಅಷ್ಟು ದೊಡ್ಡದಾಗಿ ಏಕೆ ಕಟ್ಟಿದರು ಎಂದು ಕೇಳುವವರೂ ಇಲ್ಲ. ಇಂದಿನ ಕಣ್ಣಿಗೆ ದೊಡ್ಡ ಮನೆ ಎಂದರೆ ದೊಡ್ಡಸ್ತಿಕೆ. ಅಂದು ಅದು ಕೆಲಸದ ಜಾಗ. ರೇಷ್ಮೆ ಸೀಮೆಯಲ್ಲಿ ಜನ ಮಲಗಿದ್ದು ಮನೆಯ ಒಂದು ಮೂಲೆಯಲ್ಲಿ, ಉಳಿದದ್ದೆಲ್ಲ ಹುಳುವಿಗೆ. ಹುಳು ಬೆಳೆದು ಗೂಡು ಕಟ್ಟುವ ನಾಲ್ಕು ವಾರ ಶಾಖ ಸುಮಾರು 24ರಿಂದ 28 ಡಿಗ್ರಿಯೊಳಗೆ ನಿಲ್ಲಬೇಕು, ತೇವಾಂಶ ಆರಬಾರದು. ಎರಡಡಿ ದಪ್ಪದ ಮಣ್ಣಿನ ಗೋಡೆ, ಎತ್ತರದ ಚಾವಣಿ, ಸಣ್ಣ ಕಿಟಕಿ, ಇವು ಬಡತನದ ಗುರುತೂ ಅಲ್ಲ, ಅಂದಚಂದಕ್ಕೂ ಅಲ್ಲ. ಆ ಕೆಲಸಕ್ಕೆ ಬೇಕಾದ ಸಲಕರಣೆ. ತಟ್ಟೆಗಳ ಸ್ಟ್ಯಾಂಡಿಗೆ ಹಜಾರ, ಸೊಪ್ಪಿಗೆ ತಣ್ಣನೆಯ ಕೋಣೆ, ಹುಳು ಗೂಡು ಕಟ್ಟುವ ಚಂದ್ರಿಕೆ ನಿಲ್ಲಿಸಲು ಜಗಲಿ. ಹುಳು ಮೇಯಿಸದವರ ಮನೆಯಲ್ಲಿ ರಾಗಿ, ಕಡಲೆಕಾಯಿ ಮೂಟೆಗೆ ಅದೇ ಜಾಗ. ಮುಂದೆ 1980ರಲ್ಲಿ ರೇಷ್ಮೆ ಹುಳುವನ್ನು ಕಾಡುವ ಊಜಿ ನೊಣ ಕರ್ನಾಟಕಕ್ಕೆ ಬಂತು, ಕಿಟಕಿಗಳಿಗೆ ಬಲೆ ಬಿತ್ತು. ಹುಳುವಿಗೆ ಪ್ರತ್ಯೇಕ ಮನೆ ಕಟ್ಟಿ ಎಂದು ಇಲಾಖೆಯವರು ಹೇಳಿದರು, ಸಹಾಯಧನವೂ ಬಂತು. ಹುಳು ತೋಟಕ್ಕೆ ಹೋಯಿತು, ಮನೆ ಖಾಲಿ ಕಂಡಿತು. ಖಾಲಿ ಕಂಡದ್ದನ್ನೇ ಹೆಚ್ಚಾದದ್ದು ಎಂದು ತಿಳಿದರು.

ಇಂಥ ಜಾಗ ಬೇಕಾದವರು ಇಂದೂ ಇದ್ದಾರೆ. ನೂಲು ಬಿಚ್ಚುವವರಿಗೆ, ಹೊಲಿಗೆ ಮೆಷಿನ್ ಹತ್ತಿಪ್ಪತ್ತು ಹಾಕುವವರಿಗೆ, ಕಿರಾಣಿ ದಾಸ್ತಾನಿಗೆ, ಟ್ಯೂಷನ್ನಿಗೆ, ಮೆಸ್ಸಿಗೆ ಕಂಬಗಳ ನಡುವೆ ಅಡ್ಡಗೋಡೆಯಿಲ್ಲದ ಹಜಾರ ಸಿಕ್ಕರೆ ಮೂವತ್ತು-ನಲವತ್ತರ ಎರಡಂತಸ್ತಿನ ಮನೆಗಿಂತ ಹೆಚ್ಚು ಒಗ್ಗುತ್ತದೆ. ಕೈವಾರದಲ್ಲಿ ಗುರುಪೂರ್ಣಿಮೆಗೆ ಭಜನೆ ತಂಡಗಳು ಬಂದಿಳಿದಾಗ ಐವತ್ತು ಜನ ಚಾಪೆ ಹಾಸಿ ಮಲಗುವ ಒಂದು ಪಡಸಾಲೆಯ ಬೆಲೆ ಏನೆಂದು ಊರಿನವರನ್ನು ಕೇಳಬಹುದು. ಮನೆಯ ಬೆಲೆ ಎಂದರೆ ಆ ಬೀದಿಯಲ್ಲಿ ಅದು ಮಾಡಬಲ್ಲ ಕೆಲಸದ ಬೆಲೆಯೂ ಹೌದು. ಬ್ರೋಕರ್ ಹೋಲಿಸುವುದು ಪಕ್ಕದ ಮನೆಯ ಬೆಡ್‌ರೂಮಿನೊಂದಿಗೆ. ಹೋಲಿಸಬೇಕಾದ್ದು ಬಸ್‌ಸ್ಟ್ಯಾಂಡಿನ ಗೋಡೌನ್ ಬಾಡಿಗೆಯೊಂದಿಗೆ.

ಇಷ್ಟು ಹೇಳಿದೆನೆಂದು ನನ್ನನ್ನು ಪರಂಪರೆಯ ಪಕ್ಷಕ್ಕೆ ಸೇರಿಸಬೇಡಿ. ವಾರದ ಕೊನೆಗೆ ಬೆಂಗಳೂರಿನಿಂದ ಬಂದು, ತೊಟ್ಟಿಯಲ್ಲಿ ನಿಂತು ಫೋಟೊ ತೆಗೆದು, "ಅಯ್ಯೋ, ಒಡೀಬೇಡಿ" ಎನ್ನುವವರ ಮೇಲೆ ನನಗೆ ಇನ್ನೂ ಕಡಿಮೆ ಗೌರವ. ಅವರು ಗಾರೆ ಮೆತ್ತಿಸಲು ದುಡ್ಡು ಕೊಡುವುದಿಲ್ಲ. ಗಾರೆ ಕೆಲಸ ಬಲ್ಲವನ ನಂಬರೂ ಕೊಡುವುದಿಲ್ಲ. ಚಾವಣಿ ಸೋರಿ ಗೋಡೆಯ ತಲೆಗೆ ನೀರು ಇಳಿದರೆ ಮಣ್ಣಿನ ಗೋಡೆ ಎರಡು ಮಳೆಗಾಲ ತಡೆಯುವುದಿಲ್ಲ. ಹೆಗ್ಗಣದ ಕಾಟ, ಹಿತ್ತಲಾಚೆಯ ಬಚ್ಚಲು, ಕಾರು ಹೋಗದ ಓಣಿ ಎಲ್ಲವೂ ನಿಜ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೇ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿ ನಿಲ್ಲಿಸಿದರು. ಅದು ಮರದ ಮನೆಗಳಿಗೆ ಸಾಧ್ಯ. ಇಲ್ಲಿ ಮಣ್ಣಿನ ಗೋಡೆಯನ್ನು ಬಿಚ್ಚಿದರೆ ಕೈಗೆ ಬರುವುದು ಮಣ್ಣು. ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ಮನೆ ಉಳಿದದ್ದು ಅವರ ಹೆಸರಿನಿಂದ. ಹೆಸರಿಲ್ಲದವರ ಮನೆ ಸ್ಮಾರಕವಾಗುವುದಿಲ್ಲ, ಆಗಬೇಕಾದ ಅಗತ್ಯವೂ ಇಲ್ಲ. ಒಂದೋ ಸ್ಮಾರಕ, ಇಲ್ಲವೇ ಸೈಟು ಎಂದು ಎರಡೇ ಗೂಡು ಮಾಡಿಟ್ಟುಕೊಂಡಿರುವುದೇ ತಪ್ಪು.

ಹಾಗಾದರೆ ಹಳೇ ಮನೆಗಳು ನಿಜಕ್ಕೂ ಕಡಿಮೆ ಬೆಲೆಗೆ ಹೋಗುತ್ತವಲ್ಲ, ಏಕೆ? ಗೋಡೆಯಿಂದಲ್ಲ, ಕಾಗದದಿಂದ. ಖಾತೆ ಇನ್ನೂ ತಾತನ ಹೆಸರಿನಲ್ಲಿರುತ್ತದೆ. ವಂಶವೃಕ್ಷ ಬರೆಸಿದರೆ ಹದಿನೇಳು ಹೆಸರು, ಅದರಲ್ಲಿ ಮೂವರು ಎಲ್ಲಿದ್ದಾರೋ ಗೊತ್ತಿಲ್ಲ. ಋಣಭಾರ ಪತ್ರ (ಇಸಿ) ತೆಗೆಸಿದರೆ ಯಾವುದೋ ಕಾಲದ ಅಡಮಾನ ತೀರಿಲ್ಲ. ಕೊಳ್ಳುವವನು ಹೆದರುವುದು ಮುಂದೆ ಬೀಳಬಹುದಾದ ದಾವೆಗೆ, ಅದಕ್ಕೇ ಬೆಲೆ ಇಳಿಸುತ್ತಾನೆ. ಆದರೆ ಅದನ್ನು ಬಾಯಿಬಿಟ್ಟು ಹೇಳಿದರೆ ಮಾರುವವರು ಕಾಗದ ಸರಿಮಾಡಿಸಿಕೊಂಡು ಹೆಚ್ಚು ಕೇಳಿಯಾರು. ಆದ್ದರಿಂದ ಬಿರುಕು ತೋರಿಸುತ್ತಾನೆ, ಗೆದ್ದಲು ತೋರಿಸುತ್ತಾನೆ.

ಇದೇ ಮಾತು ಮನೆಯೊಳಗೂ ಕೆಲಸ ಮಾಡುತ್ತದೆ, ಅಲ್ಲಿ ಇನ್ನೂ ಚೆನ್ನಾಗಿ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತು. ಆ ಹೊತ್ತಿಗೆ ಮದುವೆಯಾಗಿದ್ದವರಿಗೆ ಸಿಗಲಿಲ್ಲ. 2005ರ ಕೇಂದ್ರ ತಿದ್ದುಪಡಿ ಆ ಭೇದ ತೆಗೆಯಿತು. ಆ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕಾನೂನು ಪಾಲನ್ನು ಗಟ್ಟಿ ಮಾಡಿತು, ಪಾಲಿನ ಬೆಲೆಯನ್ನು ಹೇಳಲಿಲ್ಲ. "ಅಕ್ಕಾ, ಹಳೇ ಮನೆ. ಒಡೆಸೋಕೇ ಖರ್ಚು. ನಿನ್ನ ಪಾಲಿಗೆ ಎಷ್ಟಂತ ಬರುತ್ತೆ ಹೇಳು? ಅರಿಸಿನ ಕುಂಕುಮಕ್ಕೆ ಅಂತ ಏನೋ ಕೊಡ್ತೀವಿ, ಒಂದು ಸಹಿ ಹಾಕು" ಎನ್ನುವ ತಮ್ಮನಿಗೆ ಊರೆಲ್ಲ ಒಪ್ಪಿರುವ ಒಂದು ಅಭಿಪ್ರಾಯ ಬೆಂಬಲಕ್ಕಿದೆ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಬೀಳುತ್ತದೆ. ಆಮೇಲೆ ಹಳೇ ಸಾಮಾನಿನ ವ್ಯಾಪಾರಿ ಬರುತ್ತಾನೆ, ಚಪ್ಪಡಿ ಎಣಿಸುತ್ತಾನೆ, ಆ ದುಡ್ಡು ಪಾಲಿನ ಲೆಕ್ಕಕ್ಕೆ ಸೇರುವುದೇ ಇಲ್ಲ. ಎಲ್ಲ ತಮ್ಮಂದಿರೂ ಬೇಕೆಂದೇ ಹೀಗೆ ಮಾಡುತ್ತಾರೆ ಎನ್ನಲಾರೆ. ಮನೆಗೆ ಬೆಲೆಯಿಲ್ಲ ಎಂದು ಅವರೂ ನಂಬಿರುತ್ತಾರೆ. ನಂಬಿಕೆ ಯಾರಿಗೆ ಅನುಕೂಲವೋ ಅವರ ತಲೆಯಲ್ಲಿ ಬೇಗ ಬೇರು ಬಿಡುತ್ತದೆ.

ವಿಭಾಗವಾಗಲಿ ಮಾರಾಟವಾಗಲಿ, ಸಹಿ ಹಾಕುವ ಮೊದಲು ಸಾಲುಸಾಲಾಗಿ ಬೇರೆ ಬೇರೆ ಬರೆಸಬಹುದು. ದಾರಿ ಕಳೆದು ನಿಜವಾಗಿ ಸಿಗುವ ಜಾಗ ಎಷ್ಟು, ಹಜಾರ ಇದ್ದಂತೆಯೇ ಬಾಡಿಗೆಗೆ ಕೊಟ್ಟರೆ ತಿಂಗಳಿಗೆ ಎಷ್ಟು, ಕಲ್ಲು ಮರ ಬಾಗಿಲಿಗೆ ಇಬ್ಬರು ವ್ಯಾಪಾರಿಗಳು ಹೇಳಿದ ಮೊತ್ತ ಎಷ್ಟು, ಚಾವಣಿ ರಿಪೇರಿಗೆ ಎಷ್ಟು, ಕಾಗದ ಸರಿಮಾಡಿಸಲು ವಕೀಲರಿಗೆ, ಖಾತೆಗೆ ಎಷ್ಟು. ಇಷ್ಟು ಬರೆದ ಮೇಲೂ ಕೆಲವು ಮನೆ ಒಡೆಯುವುದೇ ಸರಿ ಎಂದು ಬರುತ್ತದೆ. ನಡುಗೋಡೆ ವಾಲಿದ್ದು, ಅರ್ಧ ತೊಟ್ಟಿ ಪಕ್ಕದವರ ಪಾಲಾಗಿದ್ದು, ನೀರು ಕುಡಿದು ಕುಸಿದಿದ್ದು, ಇವನ್ನು ನಾನೂ ಒಡೆಸಿ ಎಂದೇ ಹೇಳುತ್ತೇನೆ. ಆ ಪಟ್ಟಿಯನ್ನು ಮಾತ್ರ ತಮ್ಮನೊಬ್ಬನ ಜೇಬಿನಲ್ಲಿಡದೆ, ಅಕ್ಕಂದಿರ ಕೈಗೂ ಒಂದೊಂದು ಜೆರಾಕ್ಸ್ ಕೊಡಬೇಕು.