ಕದ್ದು ಕೇಳುವವನ ಒಳ್ಳೆಯತನ

'ನಾನೇನೂ ತಪ್ಪು ಮಾಡಿಲ್ಲ, ಯಾರು ನೋಡಿದರೆ ನನಗೇನು?' ಖಾಸಗಿತನದ ಚರ್ಚೆ ಬಂದಾಗಲೆಲ್ಲ ಈ ಮಾತು ಕೇಳಿಬರುತ್ತದೆ. ನೋಡುವವನು ಒಳ್ಳೆಯವನೇ ಆಗಿರುತ್ತಾನೆ ಎಂಬ ನಂಬಿಕೆ ಇದರ ಹಿಂದಿದೆ. ಫ್ಲೋರಿಯಾನ್ ಹೆಂಕೆಲ್ ಫಾನ್ ಡೊನ್ನರ್ಸ್‌ಮಾರ್ಕ್ ನಿರ್ದೇಶಿಸಿದ 2006ರ ಜರ್ಮನ್ ಚಿತ್ರ 'ದಿ ಲೈವ್ಸ್ ಆಫ್ ಅದರ್ಸ್' ಈ ನಂಬಿಕೆಗೆ ಸೊಗಸಾದ ಕಥೆಯ ರೂಪ ಕೊಟ್ಟಿದೆ. ನನ್ನ ತಕರಾರು ಇರುವುದೂ ಅಲ್ಲಿಯೇ.

ಕಥೆ ನಡೆಯುವುದು 1984ರ ಪೂರ್ವ ಬರ್ಲಿನ್‌ನಲ್ಲಿ. ರಹಸ್ಯ ಪೊಲೀಸ್ ಪಡೆ 'ಸ್ಟಾಸಿ'ಯ ಅಧಿಕಾರಿ ವೀಸ್ಲರ್, ನಾಟಕಕಾರ ಡ್ರೈಮನ್‌ನ ಮನೆಯಲ್ಲಿ ಮೈಕುಗಳನ್ನು ಅಡಗಿಸಿ, ಅದೇ ಕಟ್ಟಡದ ಅಟ್ಟದಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾನೆ. ಹೇಳಿಕೊಳ್ಳಲು ದೇಶದ ಭದ್ರತೆಯ ಕಾರಣವಿದೆ. ಅಸಲಿಗೆ, ಡ್ರೈಮನ್‌ನ ಸಂಗಾತಿ, ನಟಿ ಕ್ರಿಸ್ಟಾ ಮಾರಿಯಾಳ ಮೇಲೆ ಮಂತ್ರಿಯೊಬ್ಬನ ಕಣ್ಣು ಬಿದ್ದಿದೆ. ಕೇಳುತ್ತ ಕೇಳುತ್ತ ವೀಸ್ಲರ್‌ನ ಮನಸ್ಸು ಕರಗುತ್ತದೆ. ಸುಳ್ಳು ವರದಿ ಬರೆದು ಡ್ರೈಮನ್‌ನನ್ನು ಕಾಪಾಡುತ್ತಾನೆ.

ಚಿತ್ರದ ನಿಜವಾದ ಶಕ್ತಿ ಇರುವುದು ಸಣ್ಣ ದೃಶ್ಯಗಳಲ್ಲಿ. ಮೈಕು ಅಳವಡಿಸುವುದನ್ನು ಕಿಂಡಿಯಿಂದ ನೋಡಿದ ಎದುರುಮನೆಯ ಹೆಂಗಸಿಗೆ, ಬಾಯಿಬಿಟ್ಟರೆ ಮಗಳ ವೈದ್ಯಕೀಯ ಓದು ನಿಲ್ಲುತ್ತದೆ ಎಂಬ ಬೆದರಿಕೆ ಬರುತ್ತದೆ. ಏನೂ ತಪ್ಪು ಮಾಡದವಳು ಆಕೆ. ಆದರೂ ಆ ಕ್ಷಣದಿಂದ ಪಕ್ಕದ ಮನೆಯವನ ಮುಖ ನೋಡಿ ನೆಮ್ಮದಿಯಾಗಿ ಮಾತಾಡುವುದು ಅವಳಿಗೆ ಸಾಧ್ಯವಾಗುವುದಿಲ್ಲ. ಕಣ್ಗಾವಲು ಕಸಿದುಕೊಳ್ಳುವುದು ಗುಟ್ಟನ್ನಷ್ಟೇ ಅಲ್ಲ, ನೆರೆಹೊರೆಯನ್ನೂ.

ಆದರೆ ಚಿತ್ರ ಈ ಹಾದಿಯಲ್ಲಿ ಮುಂದುವರಿಯದೆ ವೀಸ್ಲರ್‌ನ ಮನಃಪರಿವರ್ತನೆಯಲ್ಲಿ ಸಮಾಧಾನ ಕಂಡುಕೊಳ್ಳುತ್ತದೆ. 1989ರಲ್ಲಿ ಸ್ಟಾಸಿಯಲ್ಲಿ ಸುಮಾರು 91 ಸಾವಿರ ಪೂರ್ಣಾವಧಿ ನೌಕರರಿದ್ದರು. ಗುಪ್ತ ಮಾಹಿತಿದಾರರು ಅದಕ್ಕಿಂತಲೂ ಹೆಚ್ಚು. ನೌಕರರ ಮೇಲೂ ನಿಗಾ ಇತ್ತು. ಅಂಥಲ್ಲಿ ಒಬ್ಬ ಅಧಿಕಾರಿ ಹೀಗೆ ಸತ್ಯ ಮುಚ್ಚಿಡುವುದು ಸಾಧ್ಯವೇ ಇರಲಿಲ್ಲವೆಂದು 'ಸ್ಟಾಸಿಲ್ಯಾಂಡ್' ಬರೆದ ಆನಾ ಫಂಡರ್ ಆಕ್ಷೇಪಿಸಿದ್ದರು. ಕಥೆಯೊಳಗೂ ಆ ಒಳ್ಳೆಯತನಕ್ಕೆ ಮಿತಿಯಿದೆ. ಟೈಪ್‌ರೈಟರ್ ಎಲ್ಲಿದೆಯೆಂದು ಕ್ರಿಸ್ಟಾಳ ಬಾಯಿ ಬಿಡಿಸುವವನು ವೀಸ್ಲರನೇ. ಅದನ್ನು ಅವನು ಮೊದಲೇ ಸಾಗಿಸಿದ್ದಾನೆಂದು ತಿಳಿಯದ ಅವಳು, ತಾನು ಮಾಡಿದ ದ್ರೋಹ ತಾಳಲಾರದೆ ಬೀದಿಗೆ ಓಡಿ ಲಾರಿಗೆ ಸಿಕ್ಕಿ ಸಾಯುತ್ತಾಳೆ.

ಭದ್ರತೆ ಬೇಡವೆನ್ನುವುದು ಸುಲಭ; ಬಾಂಬು ಸಿಡಿದ ಊರಿನವರು ಹಾಗೆನ್ನಲಾರರು. ಪ್ರಶ್ನೆಯಿರುವುದು ಕೇಳುವವನನ್ನು ಕೇಳುವವರು ಯಾರು ಎಂಬುದರಲ್ಲಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಆ ಹಕ್ಕು ಅಪರಿಮಿತವಲ್ಲ ಎಂದೂ ಹೇಳಿತು. ಸರ್ಕಾರ ಒಳಗೆ ಇಣುಕಬೇಕಾದರೆ ಅದಕ್ಕೊಂದು ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಇಣುಕುವಿಕೆ ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಈ ಪರೀಕ್ಷೆಯಲ್ಲಿ ಅಧಿಕಾರಿಯ ಮನಸ್ಸು ಮೃದುವೋ ಕಠಿಣವೋ ಎಂಬುದು ಗಣನೆಗೆ ಬರುವುದೇ ಇಲ್ಲ.

ಚಿತ್ರವನ್ನು ಖಂಡಿತ ನೋಡಿ. ಉಲ್ರಿಚ್ ಮ್ಯೂಹೆ ವೀಸ್ಲರ್‌ನಾಗಿ ಮುಖದ ಒಂದು ಗೆರೆಯನ್ನೂ ವ್ಯರ್ಥ ಮಾಡಿಲ್ಲ. ಆದರೆ ಅವನಿಗಾಗಿ ಕಣ್ಣು ತೇವಗೊಂಡಾಗ ಎದುರುಮನೆಯ ಆ ಹೆಂಗಸನ್ನು ನೆನೆಯಿರಿ. ನಮ್ಮಲ್ಲಿ ಬಹುತೇಕರ ಸ್ಥಾನ ಕಿಂಡಿಯ ಹಿಂದೆ, ಅವಳ ಪಕ್ಕದಲ್ಲಿ.