ಗುಂಡಿನ ಬಿಗಿ: ಸವಣೂರು ಸೀಮೆಯ ಚರಿತ್ರೆಯಲ್ಲಿ ಒಂದು ಉಪೇಕ್ಷಿತ ಅಂಶ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಚರಿತ್ರೆಯನ್ನು ಬರೆದವರು ವೀರಗಲ್ಲುಗಳ ಮುಂದೆ ತೋರಿದ ತಾಳ್ಮೆಯನ್ನು ಕೋವಿಯ ಮುಂದೆ ತೋರಿಲ್ಲವೆಂಬುದು ನಮ್ಮ ಆಕ್ಷೇಪ. 1196ರಲ್ಲಿ ಇಮ್ಮಡಿ ಬಲ್ಲಾಳನು ಹಾನಗಲ್ಲಿಗೆ ಹಾಕಿದ ಮುತ್ತಿಗೆಯ ಪ್ರಸಂಗ ಬಂದಾಗ ಬಿಲ್ಲು ಬಾಣಗಳ ವಿವರವೆಲ್ಲ ದೊರೆಯುತ್ತದೆ. ಸವಣೂರಿನ ಸರದಿ ಬಂದೊಡನೆ 'ತೋಪು, ತುಪಾಕಿ' ಎಂಬೆರಡು ಶಬ್ದಗಳಿಗೆ ಕೆಲಸ ಮುಗಿಯುತ್ತದೆ.

1756ರ ಸವಣೂರಿನ ಮುತ್ತಿಗೆಯನ್ನೇ ನೋಡೋಣ. ಪೇಶವೆ ಬಾಳಾಜಿ ಬಾಜೀರಾಯನಿಂದ ಮುನಿದ ಮುಜಫರಖಾನನು ತನ್ನ ಗಾರ್ದಿಗಳೊಡನೆ ನವಾಬನ ಪಕ್ಷವನ್ನು ಸೇರಿದನು. ಪೇಶವೆಯ ಕಡೆಗೆ ಬುಸ್ಸಿಯ ಫ್ರೆಂಚ್ ತೋಪುಗಳು ಬಂದವು. ಗಾರ್ದಿಗಳಿಗೆ ಅಷ್ಟು ಬೆಲೆಯೇಕೆ? ಅವರ ಶಿಸ್ತನ್ನು ಎಲ್ಲರೂ ಹೊಗಳುತ್ತಾರೆ. ಊರ ಕಮ್ಮಾರನು ಮಾಡಿದ ತುಪಾಕಿಗಳ ನಳಿಗೆಗಳು ಒಂದರಂತೆ ಇನ್ನೊಂದಿರುತ್ತಿರಲಿಲ್ಲ. ಒಂದಕ್ಕೆ ಎರೆದ ಗುಂಡು ಮತ್ತೊಂದಕ್ಕೆ ಸಲ್ಲದು. ಒಂದೇ ಅಳತೆಯ ಕೋವಿಗಳಿದ್ದ ಪಡೆಗೆ ಒಂದೇ ಅಳತೆಯ ಗುಂಡು ಸಾಕು ಎಂಬುದನ್ನು ಯಾರೂ ಗಮನಿಸಿದಂತಿಲ್ಲ. ಆಗಲೂ ಗುಂಡು ಸಡಿಲವೇ. ಇಂಗ್ಲಿಷರ ಪದಾತಿಯ ಕೋವಿಯ ನಳಿಗೆ ಸುಮಾರು 0.75 ಅಂಗುಲ, ಗುಂಡು ಸುಮಾರು 0.69 ಅಂಗುಲ. ಕರಿಮದ್ದಿನ ಮಸಿ ಕಟ್ಟಿದರೂ ಗುಂಡು ಒಳಗಿಳಿಯಲೆಂದು ಬಿಟ್ಟ ಈ ಎಡೆಯಿಂದಲೇ ನೂರು ಗಜದಾಚೆ ಗುರಿಗೆ ಭರವಸೆಯಿರಲಿಲ್ಲ. 1786ರಲ್ಲಿ ಟಿಪ್ಪುವು ಸವಣೂರನ್ನು ಹಿಡಿದಾಗಲೂ ಪರಿಸ್ಥಿತಿ ಹೆಚ್ಚು ಬೇರೆಯಾಗಿರಲಿಲ್ಲ. ಆದರೆ ಸೀಸ, ಎರಕದ ಅಚ್ಚು, ಮದ್ದು ಇದ್ದವನು ತನ್ನ ಕೋವಿಗೆ ತಾನೇ ಒಡೆಯನಾಗಿದ್ದನು.

ಈ ಒಡೆತನ ತಪ್ಪಿದ್ದು ಹೇಗೆ? 1857ರ ನಿಶ್ಶಸ್ತ್ರೀಕರಣ ಕಾಯಿದೆಯಿಂದ ಎಂಬುದು ರೂಢಿಯ ಉತ್ತರ; ಹಲಗಲಿಯ ಬೇಡರು ಆ ವರ್ಷ ದಂಗೆಯೆದ್ದುದು ಅದರ ವಿರುದ್ಧವೇ. ನಾವೂ ತರಗತಿಯಲ್ಲಿ ವರ್ಷಗಟ್ಟಲೆ ಹೀಗೆಯೇ ಹೇಳಿಕೊಟ್ಟೆವು. ಈಗ ಅದು ಅರ್ಧ ಉತ್ತರವೆಂದು ತೋರುತ್ತದೆ. ಉಳಿದರ್ಧವು ಹಿತ್ತಾಳೆಯ ಕಾಡತೂಸಿನ ಕುತ್ತಿಗೆಯಲ್ಲಿದೆ.

1866ರ ಸ್ನೈಡರ್ ಬಂದೂಕಿನಿಂದ ಮೊದಲಾಗಿ ಬ್ರಿಟಿಷ್ ಪದಾತಿಯಲ್ಲಿ ಗುಂಡು, ಮದ್ದು, ಕೇಪು ಮೂರೂ ಒಂದೇ ಕೋಶದಲ್ಲಿ ಕೂಡಿದವು. ಮುಂದೆ ಎಳೆದು ಮಾಡಿದ ಹಿತ್ತಾಳೆಯ ಕೋಶ ಬಂದಾಗ ಗುಂಡನ್ನು ಹಿಡಿಯುವ ಹೊಣೆ ಅದರ ಕುತ್ತಿಗೆಗೆ ಬಂದಿತು. ಕುತ್ತಿಗೆಯ ಒಳವ್ಯಾಸವು ಗುಂಡಿಗಿಂತ ಅಂಗುಲದ ಸಾವಿರದಲ್ಲಿ ಒಂದೆರಡು ಪಾಲಿನಷ್ಟು ಕಿರಿದಾಗಿರಬೇಕು. ಸಡಿಲವಾದರೆ ಗುಂಡು ಸಾಗಾಟದಲ್ಲಿಯೇ ಒಳಸರಿದೀತು; ಒಂದರಲ್ಲಿ ಬಿಗಿ, ಇನ್ನೊಂದರಲ್ಲಿ ಸಡಿಲವಾದರೆ ವೇಗ ಒಂದೇ ಸಮನಾಗದು. ಗುಂಡು ಮಿತಿಮೀರಿ ಒಳಗೆ ಕೂತರೆ ಮದ್ದಿನ ಎಡೆ ಕುಗ್ಗಿ ಒತ್ತಡ ಏರುತ್ತದೆ; ಹೊರಚಾಚಿ ನಳಿಗೆಯ ಸುರುಳಿಗೀರುಗಳಿಗೆ ತಾಗಿದರೂ ಏರುತ್ತದೆ. ಹಾರಿಸಿದ ಕೋಶದ ಕುತ್ತಿಗೆ ಹಿಗ್ಗಿರುತ್ತದೆ. ಅದನ್ನು ಉಕ್ಕಿನ ಅಚ್ಚಿನಲ್ಲಿ ಅದುಮದೆ ಮರಳಿ ತುಂಬುವಂತಿಲ್ಲ. ಹೀಗೆ ಅದುಮುತ್ತ ಹೋದಂತೆ ಹಿತ್ತಾಳೆ ಗಡುಸಾಗುತ್ತದೆ. ಹದವಾಗಿ ಕಾಯಿಸಿ ಮೆತ್ತಗಾಗಿಸದಿದ್ದರೆ ಕೊನೆಗೆ ಸೀಳುತ್ತದೆ. ಹಿರೇಕೆರೂರಿನ ಕಮ್ಮಾರನ ಕುಲುಮೆಗೆ ಈ ಸೂಕ್ಷ್ಮ ಅಳತೆ ಎಟುಕುವಂತಿರಲಿಲ್ಲ. ಮುಂಬಯಿ ಪ್ರಾಂತದಲ್ಲಿ ಅದು 1869ರಲ್ಲಿ ಸ್ಥಾಪಿತವಾದ ಖಡಕಿಯ ಮದ್ದುಗುಂಡಿನ ಕಾರಖಾನೆಯಂತಹ ಸ್ಥಳಗಳ ಸೊತ್ತಾಯಿತು. ಕಾಯಿದೆಯು ಕೋವಿಯನ್ನು ಕಸಿದುಕೊಂಡಿತು. ಕಸಿಯದೆ ಉಳಿದ ಹೊಸ ಕೋವಿಯನ್ನು ಕಾರಖಾನೆಯ ಅಧೀನ ಮಾಡಿದುದು ಈ ಕುತ್ತಿಗೆ.

ಇದಕ್ಕೆ ಪ್ರತಿವಾದವುಂಟು: ಬಾಯಿಯಿಂದ ತುಂಬುವ ಕೇಪಿನ ಕೋವಿ ಮಲೆನಾಡಿನಲ್ಲಿ ಬೆಳೆ ಕಾಯುತ್ತ ಉಳಿದೇ ಬಂದಿತಲ್ಲ? ನಿಜ. ಅದು ನಮ್ಮ ವಾದವನ್ನೇ ಬಲಪಡಿಸುತ್ತದೆ, ಏಕೆಂದರೆ ಆ ಕೋವಿಗೆ ಕುತ್ತಿಗೆಯ ಕಾಡತೂಸೇ ಬೇಡ. 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೆಯ ಪ್ರಕರಣವೂ ಬೆಳೆ ರಕ್ಷಣೆಗೆ ಬಾಯಿಯಿಂದ ತುಂಬುವ ಕೋವಿಯನ್ನು ಬೇರೆಯಾಗಿಯೇ ಹೆಸರಿಸುತ್ತದೆ. ಶಾಸನ ರಚಿಸಿದವರು ಕಂಡ ಭೇದವನ್ನು ಚರಿತ್ರಕಾರರು ಕಾಣದಿರುವುದು ಸೋಜಿಗ.

ಹಳೆಯ ಮನೆಗಳ ಅಟ್ಟದಲ್ಲಿ ಗುಂಡೆರೆಯುವ ಇಕ್ಕುಳದಂತಹ ಅಚ್ಚುಗಳು ಸಿಕ್ಕರೆ ವಿದ್ಯಾರ್ಥಿಗಳು ಅವನ್ನು ಗುಜರಿಗೆ ಬಿಡದೆ, ಕುಳಿಯ ವ್ಯಾಸವನ್ನು ಅಳೆದು, ಊರಿನ ಹೆಸರಿನೊಡನೆ ಬರೆದು ನಮಗೆ ಕಳುಹಬೇಕೆಂದು ಕೋರುತ್ತೇವೆ. ಸವಣೂರಿನ ಕೋಟೆಯ ಸುತ್ತ ದೊರೆಯುವ ಸೀಸದ ಗುಂಡುಗಳನ್ನೂ ತೂಗುವ ಮೊದಲು ಅಳೆಯಬೇಕು.